ಡ್ಯಾಶ್‌ಬೋರ್ಡಿನ ಬಿಚ್ಚದ ಹೊಲಿಗೆ

ತಮ್ಮಾ,

ಮಂಚ, ಅಡುಗೆಮನೆ ಎಲ್ಲ ಇರುವ ನಮ್ಮ ಮನೆಗಾಡಿ ಇವತ್ತು ಪ್ರವಾಸಕ್ಕೆ ಹೊರಡಲ್ಲ. ಕೀಲಿ ಹುಡುಕಬೇಡ, ನನ್ನ ಹತ್ತಿರ ಇದೆ. ಅಪ್ಪನ ಜೊತೆ ವಾಕಿಂಗ್ ಹೋಗುವಾಗ ಯಾವತ್ತಿನ ಹಾಗೆ ಫೋನ್ ದಿಂಬಿನ ಕೆಳಗೆ ಬಿಟ್ಟು ಹೋಗಿದ್ದೀಯ, ಅದಕ್ಕೇ ಈ ಚೀಟಿ.

ನಾನು ಹೊಲಿದ ಡ್ಯಾಶ್‌ಬೋರ್ಡ್ ಕವರ್ ಇದೆಯಲ್ಲ, ಅದರ ಅಳತೆ ತೆಗೆಯುವಾಗ ಕಾಗದ ಹಾಸಿ ಪೆನ್ಸಿಲ್ ಉಜ್ಜಿದ್ದೆ. ಅಪ್ಪ ಕೂರುವ ಕಡೆ ಏನೋ ಅಕ್ಷರ ಮೂಡಿತ್ತು. ಕಂಪನಿ ಹೆಸರಿರಬೇಕು ಅಂತ ಸುಮ್ಮನಾದೆ. ಈಗ ಆ ಕಾಗದವನ್ನು ತಿಂಡಿ ಡಬ್ಬಿಗೆ ಸುತ್ತುವಾಗ ಓದಿದೆ. ಏರ್‌ಬ್ಯಾಗ್ ಅಂತಿದೆ ಕಣೋ. ಗಾಡಿ ಎಲ್ಲಾದರೂ ಗುದ್ದಿದರೆ ಆ ಚೀಲ ಅಲ್ಲಿಂದಲೇ ಸಿಡಿದು ಬರಬೇಕು. ನಾನು ಅದರ ಬಾಯಿಗೆ ದಪ್ಪ ಕ್ಯಾನ್ವಾಸ್ ಹಾಕಿ, ಎರಡೆರಡು ಹೊಲಿಗೆ ಹೊಡೆದು, ಅಂಚಿಗೆಲ್ಲ ಗೋಂದು ಮೆತ್ತಿದ್ದೀನಿ.

ನೀನು ಶೂರನ ಹಾಗೆ ಬ್ಲೇಡ್ ಹಿಡಿದು ಕೀಳೋಕೆ ಹೋಗಬೇಡ. ಮೆಕ್ಯಾನಿಕ್‌ನ ಕರೆದುಕೊಂಡೇ ಬರ್ತೀನಿ. ಗಾಡಿಯ ಅಡುಗೆಮನೆಯಲ್ಲಿಟ್ಟ ಹಾಲು, ಮೊಸರು ವಾಪಸ್ ಮನೆ ಫ್ರಿಜ್ಜಿಗೆ ಇಡು. ಅಪ್ಪ ಬಂದ ಕೂಡಲೇ ಆ ಸೀಟು ಹತ್ತಿ ಕೂರುತ್ತಾರೆ. ಕೂರಲಿ, ಗಾಡಿ ನಿಂತೇ ಇರುತ್ತೆ. ಯಾಕೆ ಹೊರಡಲ್ಲ ಅಂದರೆ ಬ್ಯಾಟರಿ ಇಳಿದಿದೆ ಅನ್ನು. ನಿಜ ನಾನೇ ಹೇಳ್ತೀನಿ.

ನಿನ್ನೆ ನಾಯಿ ಅಡ್ಡ ಬಂತು ಅಂತ ನೀನು ಬ್ರೇಕ್ ಒತ್ತಿದೆಯಲ್ಲ, ಆಗ ಅಪ್ಪ ಮುಂದಕ್ಕೆ ವಾಲಿ ಆ ಕವರಿಗೇ ಎರಡೂ ಕೈ ಊರಿದರು. "ನನ್ನ ಮಗಳ ಹೊಲಿಗೆ ನೋಡೋ, ಒಂದೆಳೆ ಬಿಡ್ಲಿಲ್ಲ" ಅಂದರು. ಹಿಂದೆ ಮಂಚದ ಮೇಲೆ ಕೂತಿದ್ದ ನಾನು ಅದನ್ನು ಕೇಳಿ ಹಿಗ್ಗಿ ಹೀರೇಕಾಯಿ ಆಗಿದ್ದೆ.

ಅಕ್ಕ