ಮೂರನೇ ದಿನದ ಹಾಲು

ಕ್ವೀನ್ಸ್‌ಬರಿ, ಶುಕ್ರವಾರ, ೧೯೯೯

ಅವ್ವಾ,

ತರಬೇತಿಗೆ ಬಂದರೆ ಕೆಲಸ ಕೊಡುತ್ತೇವೆ ಎಂದಿದ್ದರು ಇಲ್ಲಿನ ಉದ್ಯೋಗ ಕಚೇರಿಯವರು, ಕೊಡಲಿಲ್ಲ. ಬಸ್ಸಿನ ಖರ್ಚು ಕೊಡುತ್ತೇವೆ ಎಂದಿದ್ದರು, ಅದೂ ಇಲ್ಲ. ಮನೆಯಲ್ಲಿ ಸಾವಾದರೆ ರಜೆ ಎಂದಿದ್ದರು. ನಿನ್ನನ್ನು ಮಣ್ಣು ಮಾಡಿದ ದಿನ ಮಾತ್ರ ಬಿಟ್ಟರು.

ಇವತ್ತು ಮೂರನೇ ದಿನ. ನಿನ್ನ ಗೋರಿಗೆ ಹಾಕಲು ಬಾಟಲಿಯಲ್ಲಿ ಹಾಲು ತುಂಬಿಕೊಂಡೇ ತರಬೇತಿಗೆ ಹೋದೆ. ಒಂದು ತಾಸು ಮುಂಚೆ ಬಿಡಿ ಎಂದು ಕೇಳಿದೆ. "ಹೂಳಿದ್ದಾಯಿತಲ್ಲ, ಇನ್ನೇನು?" ಎಂದ ತರಬೇತಿ ಕೊಡುವ ಬಿಳಿಯ. ಎದ್ದು ಹೋದರೆ ನಿರುದ್ಯೋಗ ಭತ್ಯೆ ನಿಲ್ಲುತ್ತದೆ. ಅದು ನಿಂತರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಪಕ್ಕದಲ್ಲಿದ್ದ ಬೆಂಗಳೂರಿನ ವೈದೇಹಿ ಪಿಸುಗುಟ್ಟಿದಳು: "ಹೋಗಿ ಅಕ್ಕಾ, ನಿಮ್ಮ ಹೆಸರು ಕೂಗಿದ್ರೆ ನಾನೇ ಯೆಸ್ ಅಂತೀನಿ. ಆ ಮನುಷ್ಯಂಗೆ ನಮ್ಮೆಲ್ಲರದ್ದೂ ಒಂದೇ ಮುಖ."

"ಬ್ಯಾಡ ತಂಗಿ, ಸಿಕ್ಕಿಬಿದ್ರ ನಿನ್ನ ಅನ್ನಾನೂ ಹೋಗ್ತೈತಿ" ಎಂದೆ.

ಗಿರಾಕಿಗಳನ್ನು ನೋಡಿ ನಗುವುದು ಹೇಗೆಂದು ಸಂಜೆಯವರೆಗೆ ಕಲಿಸಿದರು. ನಕ್ಕೆ, ಅವ್ವಾ. ಹಲ್ಲು ಕಾಣುವಂತೆ ನಕ್ಕೆ. ಹಸಿದವರನ್ನು ಕುಣಿಸುವುದಕ್ಕೆ ಇವರು ತರಬೇತಿ ಎಂದು ಹೆಸರಿಟ್ಟಿದ್ದಾರೆ!

ಓಡೋಡಿ ಬಂದೆ. ಸ್ಮಶಾನದ ಗೇಟಿಗೆ ಬೀಗ ಬಿದ್ದಿತ್ತು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬಸ್ ಸ್ಟಾಪಿನಲ್ಲಿ ಕೂತು ಆ ಹಾಲನ್ನು ನಾನೇ ಕುಡಿದೆ.

ಸೋಮವಾರ ತರಬೇತಿ ಕೇಂದ್ರದ ಬಾಗಿಲಲ್ಲಿ ಧರಣಿ ಕೂರೋಣ ಎಂದು ಮನೆಗೆ ಬಂದ ಮೇಲೆ ವೈದೇಹಿಗೆ ಫೋನ್ ಮಾಡಿ ಹೇಳಿದ್ದೇನೆ. ಅದಕ್ಕೆ ಮೊದಲು ನಿನ್ನ ಹತ್ತಿರ ಬರಬೇಕು. ನಾಳೆ ಶನಿವಾರ, ಗೇಟು ತೆಗೆಯುವುದು ಬೆಳಿಗ್ಗೆ ಹತ್ತಕ್ಕೆ.