ಪೂರ್ಣಕುಂಭ ಸ್ವಾಗತ

ಶನಿವಾರ, ಅಕ್ಟೋಬರ್ ೧೯೮೪

ಇನ್ನೂ ಮೈ ಉರಿಯುತ್ತಿದೆ. ಚುನಾವಣೆಗೆಂದು ಊರೂರು ಸುತ್ತುತ್ತಿರುವ ಈ ದೇಶದ ಅಧ್ಯಕ್ಷರಿಗೆ ಕ್ಯುಪರ್ಟಿನೋದಲ್ಲಿ ಪೂರ್ಣಕುಂಭ ಸ್ವಾಗತವಂತೆ, ಕಲಶ ಹಿಡಿಯುವವಳು ನಾನಂತೆ. ಕನ್ನಡ ಕೂಟದವರಿಗೆ ಮಾತು ಕೊಟ್ಟು ಬಂದವರು ನಮ್ಮ ಯಜಮಾನರು. ನನ್ನನ್ನು ಒಂದು ಮಾತು ಕೇಳಲಿಲ್ಲ. "ಪೇಪರಲ್ಲಿ ಫೋಟೋ ಬರತ್ತೆ ಕಣೆ" ಅಂದರು.

ಈ ಅಧ್ಯಕ್ಷರ ಸರ್ಕಾರ ದುಡ್ಡು ನಿಲ್ಲಿಸಿದ್ದಕ್ಕೇ ಸ್ಯಾನ್ ಮಟಿಯೋದಲ್ಲಿ ನಾನು ಡಾಕ್ಟರಾಗಿದ್ದ ಮಾನಸಿಕ ರೋಗಿಗಳ ಕ್ಲಿನಿಕ್ಕು ಮುಚ್ಚಿದ್ದು. ನನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಈಗ ಸ್ಯಾನ್ ಫ್ರಾನ್ಸಿಸ್ಕೋದ ಬಸ್ ಸ್ಟಾಪುಗಳಲ್ಲಿ ಮಲಗುತ್ತಾರೆ. ಚರಿತ್ರೆಯಲ್ಲಿ ಅಧ್ಯಕ್ಷರ ಹೆಸರು ಉಳಿಯುತ್ತದೆ ಎಂದು ಯಜಮಾನರು ಕಾರಿನಲ್ಲಿ ದಾರಿಯುದ್ದಕ್ಕೂ ಹೇಳಿದರು. ಉಳಿಯಲಿ. ಆ ಬಸ್ ಸ್ಟಾಪುಗಳ ಮೇಲೆಯೇ ಬರೆಸಲಿ.

ಗೇಟಿನಲ್ಲಿ ಸೆಕ್ಯುರಿಟಿಯವನು ತೆಂಗಿನಕಾಯಿ ಕಿತ್ತಿಟ್ಟುಕೊಂಡ, ಕಲಶದ ನೀರನ್ನು ಹುಲ್ಲಿನ ಮೇಲೆ ಸುರಿದ. ಕೂಟದ ಪ್ರಭಾಗೆ ಗಾಬರಿ.

"ಖಾಲಿ ಕೊಡ ಎದುರಿಗೆ ಬಂದ್ರೆ ಅಪಶಕುನ ಕಣ್ರೀ. ಅಲ್ಲೇ ನಲ್ಲಿ ಇದೆ, ತುಂಬಿಸ್ಕೊಂಡು ಬನ್ನಿ."

ಹೋದೆ. ನಲ್ಲಿಯ ಮುಂದೆ ನಿಂತೆ, ತಿರುಗಿಸಲಿಲ್ಲ. ತುಂಬಿದೆಯಾ ಎಂದು ಪ್ರಭಾ ಕೇಳಿದ್ದಕ್ಕೆ ತಲೆಯಾಡಿಸಿದೆ. ಅಧ್ಯಕ್ಷರ ಕಾರು ಬಂದಾಗ ಮೈಸೂರು ರೇಷ್ಮೆಯುಟ್ಟು, ನಗುತ್ತ, ಖಾಲಿ ಕಲಶ ಹಿಡಿದು ನೇರ ಎದುರಿಗೇ ನಿಂತಿದ್ದೆ.

ಶಕುನ ನಂಬುವವಳಲ್ಲ ನಾನು. ಇವತ್ತೊಂದು ದಿನ ನಂಬಿದೆ.