ಅರವತ್ತೇಳನೇ ತುಂಡು

ಮಾರ್ಚ್ ೩, ಸೋಮವಾರ

ಎಂಟೂವರೆಗೇ ಲ್ಯಾಬ್. ಕಲ್ಲು ಕೊಯ್ಯುವ ಮೆಶಿನ್‌ಗೆ ನೀರು ಬಿಟ್ಟೆ. ಮೂರು ತುಂಡು ಕೊಯ್ದೆ, ತೊಳೆದೆ, ಉಜ್ಜಿದೆ. ಹತ್ತಕ್ಕೆ ಸರ್ ಬಂದರು. ಮನೆಯಲ್ಲಿ ಭಾವ, ಇಲ್ಲಿ ಸರ್ — ಒಬ್ಬರೇ ಮನುಷ್ಯ, ಎರಡೂ ಕಡೆ ಕಂಡರಾಗದು.

ಶುಕ್ರವಾರ ಅವರ ಭಾಷಣ. ಇಪ್ಪತ್ತೈದು ಕೋಟಿ ವರ್ಷದ ಹಿಂದೆ ಸಮುದ್ರದ ಬಹುಪಾಲು ಜೀವಜಾತಿಗಳು ನಿರ್ನಾಮವಾದವು. ಮತ್ತೆ ತುಂಬಿಕೊಳ್ಳಲು ಲಕ್ಷಗಟ್ಟಲೆ ವರ್ಷ ಹಿಡಿಯಿತು ಎಂದು ಉಳಿದವರೆಲ್ಲ ಹೇಳುತ್ತಾರೆ. ಇವರು ಮಾತ್ರ — ಛೆ ಛೆ, ಕೆಲವೇ ಸಾವಿರ ವರ್ಷ. ಸಾಕ್ಷಿ, ನೆಲ ಕೊರೆದು ತೆಗೆದ ನಮ್ಮ ಅರವತ್ತೇಳನೇ ತುಂಡು. ಕೆಳಗೆ ಒಂದೂ ಜೀವಿಯಿಲ್ಲದ ಕಪ್ಪು ಪದರ. ಅದರ ಮೇಲೇ ಕಿಕ್ಕಿರಿದ ಚಿಪ್ಪು.

"ಜೀವ ಕಾಯ್ತಾ ಕೂರಲ್ಲ," ಅಂದರು, ಟೀ ಹೀರುತ್ತಾ.

ಇವರೂ ಕೂರಲಿಲ್ಲ. ಅಕ್ಕ ತೀರಿಹೋದ ಐದನೇ ತಿಂಗಳಿಗೇ ಇನ್ನೊಂದು ಮದುವೆ.

ಮಾರ್ಚ್ ೪

ಪುಟ್ಟಿಗೆ ಪೆನ್ಸಿಲ್ ಡಬ್ಬಿ ಕೊಡಲು ಭಾವನ ಮನೆಗೆ ಹೋಗಿದ್ದೆ. ಅಕ್ಕನ ಮಗಳು, ಏಳು ವರ್ಷ.

"ಚಿಕ್ಕಮ್ಮ, ಮೆತ್ತಗೆ ಮಾತಾಡು. ಅಮ್ಮ ಮಲಗಿದಾರೆ."

ಅಮ್ಮ... ಮೈಯೆಲ್ಲ ಉರಿಯಿತು. ಹೊಸಬಳು ಎದ್ದು ಬಂದು ಟೀ ಕೊಟ್ಟಳು, ಅಕ್ಕನ ಕಪ್ಪಿನಲ್ಲಿ. ಬೇಡವೆಂದೆ. ಒಳ್ಳೆಯವಳೇ ಇರಬೇಕು. ಅದಕ್ಕೇ ಇನ್ನಷ್ಟು ಸಿಟ್ಟು.

ಮಾರ್ಚ್ ೫, ಮಧ್ಯಾಹ್ನ ೧೨

ಭಾಷಣಕ್ಕೆ ಫೋಟೊ ಬೇಕಂತೆ. ಅರವತ್ತೇಳನ್ನು ಉದ್ದಕ್ಕೆ ಸೀಳಿದೆ. ಜೀವಿ ಸತ್ತು ತಳ ಸೇರಿದಾಗ ಚಿಪ್ಪಿನೊಳಗೆ ಅರ್ಧ ಕೆಸರು ತುಂಬುತ್ತದೆ. ಉಳಿದ ಖಾಲಿ ಜಾಗದಲ್ಲಿ ಆಮೇಲೆ ಬಿಳಿ ಹರಳು ಬೆಳೆಯುತ್ತದೆ. ಕೆಸರು ಕೆಳಗೆ, ಹರಳು ಮೇಲೆ. ಇದರಲ್ಲಿ ಕೆಸರೆಲ್ಲ ಮೇಲೆ. ಒಂದರಲ್ಲಲ್ಲ, ಹನ್ನೊಂದು ಚಿಪ್ಪಿನಲ್ಲೂ.

ಅಂದರೆ ತುಂಡೇ ತಲೆಕೆಳಗು. ಈ ಚಿಪ್ಪುಗಳು ಆ ಸಾಮೂಹಿಕ ಸಾವಿನ ನಂತರದವಲ್ಲ, ಮುಂಚಿನವು. ಅಷ್ಟು ಬೇಗ ಯಾರೂ ಮರಳಿ ಬಂದಿರಲೇ ಇಲ್ಲ!

ಹಾಲು ಕುಡಿದಷ್ಟು ಸಂತೋಷ. ಈಗ ಹೇಳುವುದಿಲ್ಲ. ತುಂಬಿದ ಸಭೆಯಲ್ಲಿ ಎದ್ದು ಹೇಳುತ್ತೇನೆ. ಆ ಮುಖ ನೋಡಬೇಕು ನನಗೆ.

ಮಾರ್ಚ್ ೬, ಬೆಳಿಗ್ಗೆ ೯

ಯಾವ ತುದಿ ಮೇಲಿನದು ಎಂದು ತಿಳಿಯಲು ಪ್ರತಿ ತುಂಡಿಗೂ ಉದ್ದಕ್ಕೆ ಎರಡು ಗೆರೆ ಎಳೆಯುತ್ತೇವೆ. ಮೇಲ್ತುದಿ ಮೇಲಿದ್ದರೆ ಕೆಂಪು ಬಲಕ್ಕೆ, ಕಪ್ಪು ಎಡಕ್ಕೆ. ಇದಕ್ಕೆ ಉಲ್ಟಾ ಎಳೆದ ಕತ್ತೆ ಯಾವುದು ಎಂದು ರಿಜಿಸ್ಟರ್ ತೆಗೆದೆ.

ಸೆಪ್ಟೆಂಬರ್ ೨೩. ಅಕ್ಕ ಹೋಗಿ ಎರಡು ವಾರ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಕೆಲಸಕ್ಕೆ ಓಡಿ ಬಂದ ಮೊದಲ ದಿನ. ಸಹಿ ನನ್ನದು.

ಅದೇ ದಿನ, ೩ ಗಂಟೆ

ಸೀಳಿದ ಕಲ್ಲು ಮೇಜಿನ ಮೇಲೇ ಇತ್ತು. ಸರ್ ಬಹಳ ಹೊತ್ತು ನೋಡಿದರು.

"ಇದನ್ನ ಯಾಕೆ ಸೀಳಿದೆ?"

"ನೀವೇ ಫೋಟೊ ಕೇಳಿದ್ರಿ."

"ಹೊರಗಿಂದ ತೆಗಿ ಅಂದಿದ್ದೆ."

"ಹಾಗಾದ್ರೆ... ನಿಮಗೆ ಮುಂಚೇನೇ ಗೊತ್ತಿತ್ತಾ?"

ಬಾಗಿಲು ಮುಂದೆ ಮಾಡಿದರು. "ಗುರುತು ಹಾಕಿದ್ದು ಯಾರು ಅಂತ ರಿಜಿಸ್ಟರಲ್ಲಿದೆ. ಮುಳುಗಿದ್ರೆ ನಾನೊಬ್ಬನೇ ಮುಳುಗಲ್ಲ. ಮತ್ತೆ ಪುಟ್ಟೀನ ನೋಡ್ಬೇಕು ಅಂದ್ರೆ ನೀನು ನಮ್ಮನೆಗೇ ಬರ್ಬೇಕು. ನೆನಪಿರಲಿ."

ದನಿ ಏರಿಸಲೇ ಇಲ್ಲ. ಬರೆದೇ ಬಿಡುತ್ತೇನೆ: ಹೆದರಿದೆ. ಅಕ್ಕ ಇವರ ಜೊತೆ ಹತ್ತು ವರ್ಷ ಹೇಗೆ ಬಾಳಿದಳೋ.

ಮಾರ್ಚ್ ೭, ಬೆಳಿಗ್ಗೆ ೧೧:೪೦

ಸಭಾಂಗಣದ ಕೊನೆಯ ಸಾಲು. ಚೀಲದಲ್ಲಿ ಕಲ್ಲು, ತೊಡೆಯ ಮೇಲೆ ಈ ಪುಸ್ತಕ. ಮುಂದಿನ ಸಾಲಿನಲ್ಲಿ ಹೊಸಬಳು. ಪುಟ್ಟಿ ಅವಳ ಹೆಗಲಿಗೆ ಒರಗಿ ಕೂತಿದ್ದಾಳೆ. ಮಗು ಸುಧಾರಿಸಿಕೊಂಡಿದೆ. ಅದು ಅದರ ತಪ್ಪಲ್ಲ. ನಾನು ಇನ್ನೂ ಕಪ್ಪು ಪದರದಲ್ಲೇ ಇದ್ದೇನೆ.

ಪರದೆಯ ಮೇಲೆ ಅರವತ್ತೇಳು. ಹೊರಗಿನ ಫೋಟೊ. ಹಸಿ ಸುಳ್ಳು ಹೇಳಿ ಮುಗಿಸಿದರು. ಚಪ್ಪಾಳೆ.

ಪ್ರಶ್ನೆಗಳಿದ್ದರೆ ಕೇಳಿ, ಅಂದರು ಅಧ್ಯಕ್ಷರು. ಎಡಗೈ ಎತ್ತಿದೆ. ಸರ್ ಕಂಡೂ ಕಾಣದವರ ಹಾಗೆ ಬೇರೆ ಕಡೆ ನೋಡುತ್ತಿದ್ದಾರೆ. ಪುಟ್ಟಿ ತಿರುಗಿದಳು. ತನಗೇ ಕೈ ಬೀಸುತ್ತಿದ್ದೇನೆ ಅಂದುಕೊಂಡು ನಕ್ಕಳು, ಅವಳೂ ಕೈ ಬೀಸಿದಳು.

ಈಗ ಕೈ ಇಳಿಸಿದರೆ ಯಾರಿಗೂ ಗೊತ್ತಾಗದು. ಮುಂದಿನ ವಾರ ಮತ್ತೆ ಅವಳನ್ನು ನೋಡಬಹುದು.

"ಹಿಂದೆ ಕೂತಿರೋರು, ಹೇಳಿ."

ಮೊದಲು ನನ್ನ ತಪ್ಪು ಹೇಳುತ್ತೇನೆ. ಆಮೇಲೆ